ಲೇಸರ್ ಚುಕ್ಕೆ ಮಧ್ಯಕ್ಕೇ ಬಂದರೂ ನಕ್ಷತ್ರಕ್ಕೆ ಬಾಲ ಏಕೆ? ಸ್ವಂತ ಕಟ್ಟಿದ ನ್ಯೂಟೋನಿಯನ್ ದೂರದರ್ಶಕದ ಕೊಲಿಮೇಶನ್: ಸಮಗ್ರ ಮಾರ್ಗದರ್ಶಿ

ಕನ್ನಡಿ ಉಜ್ಜಿ, ಪಾಲಿಶ್ ಮಾಡಿ, ಪ್ಲೈವುಡ್ ಕೊಯ್ದು ಕಟ್ಟಿದ 200 ಮಿ.ಮೀ. ದೂರದರ್ಶಕ. ಲೇಸರ್ ಹಾಕಿದರೆ ಚುಕ್ಕೆ ಹೋದ ದಾರಿಯಲ್ಲೇ ಹಿಂದಿರುಗಿ ಗುರಿಯ ನಟ್ಟನಡುವೆ ಕೂರುತ್ತದೆ. ಆದರೆ ರಾತ್ರಿ 240 ಪಟ್ಟು ವರ್ಧನೆಯಲ್ಲಿ ನೋಡಿದರೆ ಗುರುಗ್ರಹದ ಪಟ್ಟಿಗಳು ಮಸುಕು, ನಕ್ಷತ್ರಕ್ಕೆ ಒಂದೇ ಬದಿಗೆ ಬಾಲ. ಆಗ ಹೆಚ್ಚಿನವರು ತಮ್ಮ ಕನ್ನಡಿಯನ್ನೇ ಅನುಮಾನಿಸುತ್ತಾರೆ. ಚೆನ್ನಾಗಿದ್ದ ಕನ್ನಡಿಯನ್ನು ಮತ್ತೆ ಪಿಚ್ ಲ್ಯಾಪ್ (ಪಾಲಿಶ್ ಮಾಡುವ ಅರಗಿನ ತಟ್ಟೆ) ಮೇಲೆ ಇಟ್ಟು ಕೆಡಿಸಿಕೊಳ್ಳುವವರೂ ಇದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಕನ್ನಡಿಯದ್ದಲ್ಲ, ಜೋಡಣೆಯದ್ದು. ಕನ್ನಡಿಗಳನ್ನೂ ಐಪೀಸನ್ನೂ ಒಂದೇ ಅಕ್ಷಕ್ಕೆ ಹೊಂದಿಸುವ ಕೆಲಸವೇ ಕೊಲಿಮೇಶನ್. ಯಾವ ಹೊಂದಾಣಿಕೆಗೆ ಎಷ್ಟು ಸಡಿಲ ನಡೆಯುತ್ತದೆ, ಯಾವುದಕ್ಕೆ ನಡೆಯುವುದಿಲ್ಲ ಎಂಬ ಲೆಕ್ಕ ಕೈಯಲ್ಲಿಲ್ಲದೆ ಸ್ಕ್ರೂ ತಿರುಗಿಸಿದರೆ ಹೀಗೇ ಆಗುವುದು.

ಉದಾಹರಣೆಗೆ ನಮ್ಮಲ್ಲಿ ಹೆಚ್ಚಾಗಿ ಕಟ್ಟುವ ಅಳತೆಯನ್ನೇ ಇಟ್ಟುಕೊಳ್ಳೋಣ: ಪ್ರಧಾನ ಕನ್ನಡಿಯ ವ್ಯಾಸ 200 ಮಿ.ಮೀ., ಸಂಗಮದೂರ 1200 ಮಿ.ಮೀ., ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎಫ್ ಸಂಖ್ಯೆ 6, ಅಂದರೆ ಎಫ್/6. ಓರೆಗನ್ನಡಿಯ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕ ಕನ್ನಡಿ, ಸೆಕೆಂಡರಿ) ಕಿರಿದಾದ ಅಳತೆ 50 ಮಿ.ಮೀ. ಓರೆಗನ್ನಡಿಯಿಂದ ಐಪೀಸ್‌ನ ಸಂಗಮ ತಲಕ್ಕೆ 230 ಮಿ.ಮೀ., ಪ್ರಧಾನ ಕನ್ನಡಿಗೆ 970 ಮಿ.ಮೀ. ನಿಮ್ಮ ಅಳತೆ ಬೇರೆಯಾದರೆ ಅಂಕಿಗಳನ್ನು ಬದಲಿಸಿಕೊಳ್ಳಿ; ಕ್ರಮ ಬದಲಾಗುವುದಿಲ್ಲ.

## ಮೊದಲು ಲೆಕ್ಕ: ಎಷ್ಟು ತಪ್ಪಿದರೆ ನಡೆಯುತ್ತದೆ?

ಪರವಲಯ ಕನ್ನಡಿ ತನ್ನ ಅಕ್ಷದ ಮೇಲಷ್ಟೇ ನಿಖರ ಬಿಂಬ ಕೊಡುತ್ತದೆ. ಅಕ್ಷದಿಂದ ದೂರ ಸರಿದಂತೆ ಕೋಮಾ ಎಂಬ ದೋಷ ಬೆಳೆದು ನಕ್ಷತ್ರಕ್ಕೆ ಧೂಮಕೇತುವಿನಂತೆ ಬಾಲ ಬರುತ್ತದೆ. ಕೋಮಾ ಕಾಟವಿಲ್ಲದ ವೃತ್ತದ ವ್ಯಾಸ ಸುಮಾರು 0.022 × ಎಫ್³ ಮಿ.ಮೀ. ಇಲ್ಲಿ ಕನ್ನಡಿಯ ವ್ಯಾಸಕ್ಕೆ ಪಾತ್ರವೇ ಇಲ್ಲ. ಎಫ್ ಸಂಖ್ಯೆಯೊಂದೇ ಮುಖ್ಯ. ಎಫ್/8ಕ್ಕೆ ಈ ವೃತ್ತ 11 ಮಿ.ಮೀ., ಎಫ್/6ಕ್ಕೆ 4.8, ಎಫ್/5ಕ್ಕೆ 2.8, ಎಫ್/4ಕ್ಕೆ ಬರೀ 1.4 ಮಿ.ಮೀ. ಎಫ್/8ರಲ್ಲಿ ಕಣ್ಣಂದಾಜಿನಲ್ಲೇ ಹೊಂದಿಸಿ ಚೆನ್ನಾಗಿ ನೋಡುತ್ತಿದ್ದವರು ಎಫ್/5 ಕಟ್ಟಿದಾಗ ಕಂಗಾಲಾಗುವುದು ಇದಕ್ಕೇ.

ಈ ಪುಟ್ಟ ವೃತ್ತ ಫೋಕಸರ್‌ನ (ಐಪೀಸ್ ಹಿಡಿದು ಹಿಂದೆಮುಂದೆ ಸರಿಸುವ ಭಾಗ) ನಡುವೆಯೇ ಬೀಳಬೇಕು. ಅದಕ್ಕೆ ಎರಡು ಅಕ್ಷಗಳು ಸೇರಬೇಕು, ಎರಡಕ್ಕೂ ಬೇರೆಬೇರೆ ಮಿತಿ.

ಫೋಕಸರ್‌ನ ಅಕ್ಷ. ಫೋಕಸರ್‌ನ ನಡುವಿನಿಂದ ಹೊರಟ ಗೆರೆ ಓರೆಗನ್ನಡಿಗೆ ತಾಗಿ ತಿರುಗಿ ಪ್ರಧಾನ ಕನ್ನಡಿಯ ಕೇಂದ್ರಕ್ಕೆ ಹೋಗಬೇಕು. ಕಣ್ಣಿನಿಂದ ನೋಡುವ ಬಳಕೆಗೆ ಇಲ್ಲಿ ಕನ್ನಡಿಯ ವ್ಯಾಸದ 3% ತಪ್ಪಿದರೂ ನಡೆಯುತ್ತದೆ: 200 ಮಿ.ಮೀ. ಕನ್ನಡಿಗೆ 6 ಮಿ.ಮೀ. ಕೋಮಾ ಕರೆಕ್ಟರ್ ಹಾಕಿ ಫೋಟೋ ತೆಗೆಯುವವರಿಗೆ ಮಾತ್ರ 0.5%, ಅಂದರೆ 1 ಮಿ.ಮೀ.

ಪ್ರಧಾನ ಕನ್ನಡಿಯ ಅಕ್ಷ. ಕನ್ನಡಿಯ ಅಕ್ಷ ಸಂಗಮ ತಲದಲ್ಲಿ ಫೋಕಸರ್‌ನ ನಡುವನ್ನು ಹಾಯಬೇಕು. ಇದರ ಮಿತಿ 0.005 × ಎಫ್³ ಮಿ.ಮೀ.: ಎಫ್/8ಕ್ಕೆ 2.6, ಎಫ್/6ಕ್ಕೆ 1.1, ಎಫ್/5ಕ್ಕೆ 0.6, ಎಫ್/4ಕ್ಕೆ 0.3 ಮಿ.ಮೀ.

ಮೊದಲನೆಯದು 6, ಎರಡನೆಯದು 1.1. ಎಫ್/5 ಆದರೆ 6 ಮತ್ತು 0.6; ಹತ್ತು ಪಟ್ಟು ವ್ಯತ್ಯಾಸ! ಆದರೂ ಹೆಚ್ಚಿನವರ ಒಂದು ಗಂಟೆ ಓರೆಗನ್ನಡಿಯ ಮೇಲೆ ಕಳೆಯುತ್ತದೆ, ಪ್ರಧಾನ ಕನ್ನಡಿಗೆ ಕೊನೆಯ ಎರಡು ನಿಮಿಷ ಸಿಗುತ್ತದೆ. ಅದನ್ನು ತಿರುಗುಮುರುಗು ಮಾಡಬೇಕು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಲೇಸರ್ ಕಿರಣ ಪ್ರಧಾನ ಕನ್ನಡಿಯ ಕೇಂದ್ರದಿಂದ 4 ಮಿ.ಮೀ. ಆಚೆ ಬಿತ್ತು ಎಂದುಕೊಳ್ಳಿ. 6ರ ಒಳಗಿದೆ, ಅದೇನೂ ದೋಷವಲ್ಲ. ಆದರೆ ಆ ಜಾಗದಲ್ಲಿ ಕನ್ನಡಿಯ ಮೈ ತುಸು ಬಾಗಿರುತ್ತದೆ. ಅಲ್ಲಿಂದ ಕಿರಣವನ್ನು ಹಾಗೇ ಹಿಂದಕ್ಕೆ ಕಳಿಸುವಂತೆ ಕನ್ನಡಿಯನ್ನು ಓಲಿಸಿದರೆ, ಸಂಗಮ ತಲದಲ್ಲಿ ಅಕ್ಷ ಆ ತಪ್ಪಿನ ಅರ್ಧದಷ್ಟು, ಅಂದರೆ 2 ಮಿ.ಮೀ. ಸರಿದು ನಿಲ್ಲುತ್ತದೆ. ಎಫ್/6ಕ್ಕೆ ಅದು ಮಿತಿಯ ಎರಡು ಪಟ್ಟು, ಎಫ್/5ಕ್ಕೆ ಮೂರು ಪಟ್ಟಿಗೂ ಹೆಚ್ಚು. ಚುಕ್ಕೆ ಮಾತ್ರ ಗುರಿಯ ನಡುವೆಯೇ ಇರುತ್ತದೆ! ಆದ್ದರಿಂದ ಹಿಂದಿರುಗಿದ ಬರಿಯ ಲೇಸರ್ ಚುಕ್ಕೆಯನ್ನು ನೋಡಿ ಪ್ರಧಾನ ಕನ್ನಡಿಯನ್ನು ಹೊಂದಿಸಬೇಡಿ.

## ಬೇಕಾದ ಸಾಮಾನು

ಕೊಲಿಮೇಶನ್ ಕ್ಯಾಪ್: ಫೋಕಸರ್‌ಗೆ ಬಿಗಿಯಾಗಿ ಕೂರುವ 31.7 ಮಿ.ಮೀ. ಮುಚ್ಚಳ, ನಟ್ಟನಡುವೆ 2 ಮಿ.ಮೀ. ತೂತು, ಒಳಮೈಗೆ ಬಿಳಿ ಕಾಗದ ಅಥವಾ ಅಲ್ಯುಮಿನಿಯಂ ಹಾಳೆ. ತೂತನ್ನು ಲೇತ್‌ನಲ್ಲಿ ಹಾಕಿಸಿದರೆ ಒಳ್ಳೆಯದು. ಕೈಯಲ್ಲಿ ಹಾಕಿದರೆ ಕ್ಯಾಪ್ ತಿರುಗಿಸಿ ನೋಡಿ, ದೃಶ್ಯ ಅಲುಗಾಡಬಾರದು.

ಸೈಟ್ ಟ್ಯೂಬ್: ಒಳವ್ಯಾಸ 29 ಮಿ.ಮೀ. ಇರುವ ಕೊಳವೆ, ಒಂದು ತುದಿಯಲ್ಲಿ ಇಣುಕುವ ತೂತು, ಇನ್ನೊಂದು ತುದಿ ತೆರೆದಿರಬೇಕು. ಉದ್ದ ಸುಮಾರು 29 × ಎಫ್ ಸಂಖ್ಯೆ. ಎಫ್/6ಕ್ಕೆ 175 ಮಿ.ಮೀ.

ಲೇಸರ್ ಕೊಲಿಮೇಟರ್ ಮತ್ತು 2× ಬಾರ್ಲೋ ಮಸೂರ (ವರ್ಧನೆ ಹೆಚ್ಚಿಸಲು ಐಪೀಸ್ ಮುಂದೆ ಹಾಕುವ ಮಸೂರ). ಬಾರ್ಲೋ ಇದ್ದರಷ್ಟೇ ಲೇಸರ್‌ಗೆ ಬೆಲೆ. ಹಣ ಕಡಿಮೆಯಿದ್ದರೆ ಅಗ್ಗದ ಲೇಸರ್‌ಗಿಂತ ಒಳ್ಳೆಯ ಕ್ಯಾಪ್ ಮತ್ತು ನಿಖರ ಕೇಂದ್ರ ಗುರುತು ಎಷ್ಟೋ ವಾಸಿ. ಎಫ್/6ಕ್ಕೆ ಅವೆರಡೇ ಸಾಕು.

ಅಲೆನ್ ಕೀಗಳು, ವರ್ನಿಯರ್ ಕ್ಯಾಲಿಪರ್, ಉಕ್ಕಿನ ಸ್ಕೇಲ್, ಬಣ್ಣದ ಹಾಳೆ, ನೋಟ್‌ಬುಕ್ ಹಾಳೆಯ ತೂತಿಗೆ ಅಂಟಿಸುವ ಕಾಗದದ ಬಳೆ. ಅಲೆನ್ ಕೀಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ. ಓರೆಗನ್ನಡಿಯ ಸ್ಕ್ರೂ ಮುಟ್ಟುವಾಗ ಕೊಳವೆ ಯಾವಾಗಲೂ ಅಡ್ಡವಾಗಿ ಮಲಗಿರಬೇಕು. ನೇರ ನಿಂತ ಕೊಳವೆಯಲ್ಲಿ ಕೈಜಾರಿದ ಕೀಗೆ ಇರುವುದು ಒಂದೇ ದಾರಿ: ಪ್ರಧಾನ ಕನ್ನಡಿಯ ಮೇಲೆ.

ಎರಡು ಎಚ್ಚರಿಕೆ. ಲೇಸರ್ ಉರಿಯುವಾಗ ಫೋಕಸರ್‌ನಲ್ಲಾಗಲಿ, ಕೊಳವೆಯ ಬಾಯಲ್ಲಿ ನೇರವಾಗಿಯಾಗಲಿ ಕಣ್ಣಿಡಬೇಡಿ. 1 ಮಿಲಿವ್ಯಾಟ್‌ಗಿಂತ ಕಡಿಮೆಯದನ್ನೇ ಬಳಸಿ. ಹಗಲಲ್ಲಿ ಕೆಲಸ ಮಾಡುವಾಗ ಕೊಳವೆಯ ಬಾಯಿ ಸೂರ್ಯನ ಕಡೆಗೆ ತಿರುಗುವ ಸಾಧ್ಯತೆಯೇ ಇಲ್ಲದ ಕೋಣೆಯಲ್ಲಿ ಮಾಡಿ.

## ಹಂತ 1: ಅಲುಗಾಡುವುದನ್ನೆಲ್ಲ ನಿಲ್ಲಿಸಿ

ಅಲುಗುವ ಭಾಗವನ್ನು ಹೊಂದಿಸಿ ಪ್ರಯೋಜನವಿಲ್ಲ. ಸ್ಪೈಡರ್‌ನ (ಓರೆಗನ್ನಡಿಯನ್ನು ಕೊಳವೆಯ ನಡುವೆ ಹಿಡಿದಿಡುವ ಚೌಕಟ್ಟು) ನಾಲ್ಕು ಪಟ್ಟಿಗಳೂ ವೀಣೆಯ ತಂತಿಯಂತೆ ಬಿಗಿಯಾಗಿರಲಿ; ಎದುರುಬದುರಿನ ಪಟ್ಟಿಗಳ ಉದ್ದದಲ್ಲಿ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ.

ಫೋಕಸರ್‌ನ ಒಳಕೊಳವೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. 30 ಮಿ.ಮೀ. ಹಿಡಿತದಲ್ಲಿ ಬರೀ 0.2 ಮಿ.ಮೀ. ಸಡಿಲವಿದ್ದರೂ, 1200 ಮಿ.ಮೀ. ಆಚೆ ಪ್ರಧಾನ ಕನ್ನಡಿಯ ಮೇಲೆ ಲೇಸರ್ ಚುಕ್ಕೆ 8 ಮಿ.ಮೀ. ಸರಿಯುತ್ತದೆ. ಅದೊಂದೇ ನಿಮ್ಮ 6 ಮಿ.ಮೀ. ಮಿತಿಯನ್ನು ನುಂಗಿಬಿಡುತ್ತದೆ! ಸ್ವಂತ ಮಾಡಿದ ಪಿವಿಸಿ ಫೋಕಸರ್ ಆದರೆ ಒಳಗೆ ಟೆಫ್ಲಾನ್ ಅಥವಾ ವೆಲ್ವೆಟ್ ಪಟ್ಟಿ ಅಂಟಿಸಿ ಸಡಿಲ ತೆಗೆಯಿರಿ. ಒಂದೇ ಹೆಬ್ಬೆರಳ ಸ್ಕ್ರೂ ಇದ್ದರೆ ಪ್ರತಿಸಲವೂ ಉಪಕರಣವನ್ನು ಅಂಚಿಗೆ ಪೂರ್ತಿ ಒತ್ತಿ, ಅಷ್ಟೇ ಬಲದಿಂದ ಬಿಗಿಯಿರಿ.

ಪ್ರಧಾನ ಕನ್ನಡಿಯ ಸೆಲ್‌ನಲ್ಲಿ (ಕನ್ನಡಿಯನ್ನು ಹೊರುವ ಚೌಕಟ್ಟು) ಎರಡು ವಿರುದ್ಧ ತಪ್ಪುಗಳು ಸಾಮಾನ್ಯ. ಒಂದು, ಕ್ಲಿಪ್ ಬಿಗಿಯಾಗಿ ಕನ್ನಡಿಯನ್ನು ಒತ್ತುವುದು. ಕ್ಲಿಪ್ ಮತ್ತು ಕನ್ನಡಿಯ ನಡುವೆ ಒಂದು ಹಾಳೆ ಸಲೀಸಾಗಿ ಜಾರಬೇಕು. ಇನ್ನೊಂದು, ಸ್ಪ್ರಿಂಗ್ ದುರ್ಬಲವಾಗಿರುವುದು. 200 ಮಿ.ಮೀ. ವ್ಯಾಸದ, 25 ಮಿ.ಮೀ. ದಪ್ಪದ ಪೈರೆಕ್ಸ್ ಕನ್ನಡಿ ಸುಮಾರು 1.75 ಕಿಲೋ ತೂಗುತ್ತದೆ. ಕನ್ನಡಿ ಮತ್ತು ಸೆಲ್‌ನ ಪೂರ್ತಿ ತೂಕವನ್ನು ಒಂದೊಂದು ಸ್ಪ್ರಿಂಗೂ ಒಂಟಿಯಾಗಿ ಹೊರುವಷ್ಟು ಗಟ್ಟಿಯಿದ್ದರೆ ಲಾಕ್ ಸ್ಕ್ರೂಗಳ ಗೊಡವೆಯೇ ಇರುವುದಿಲ್ಲ. ಕೊಲಿಮೇಶನ್ ಶುರು ಮಾಡುವ ಮುನ್ನ ಮೂರೂ ಸ್ಕ್ರೂಗಳನ್ನು ಅವುಗಳ ಓಡಾಟದ ನಡುವಿಗೆ ತಂದಿಡಿ. ಇಲ್ಲದಿದ್ದರೆ ಹಂತ 6ರಲ್ಲಿ ಒಂದು ಸ್ಕ್ರೂ ಮುಗಿದುಹೋಗುತ್ತದೆ, ಇನ್ನೊಂದು ಕಳಚಿಬರುತ್ತದೆ.

## ಹಂತ 2: ಕೇಂದ್ರ ಗುರುತು

ಕನ್ನಡಿಯ ಅಷ್ಟೇ ವ್ಯಾಸದ ವೃತ್ತವನ್ನು ಹಾಳೆಯಲ್ಲಿ ಕತ್ತರಿಸಿ, ಎರಡು ಸಲ ಮಡಚಿ, ಮೂಲೆಯನ್ನು ಚೂರೇ ಚೂರು ಕತ್ತರಿಸಿ. ಬಿಡಿಸಿದಾಗ ನಡುವೆ ತೂತು ಸಿಗುತ್ತದೆ. ಹಾಳೆಯನ್ನು ಕನ್ನಡಿಯ ಮೇಲೆ ಅಂಚಿಗೆ ಅಂಚು ಕೂಡಿಸಿ, ಸಿಡಿ ಮಾರ್ಕರ್‌ನಿಂದ ತೂತಿನೊಳಗೆ ಚುಕ್ಕೆ ಇಡಿ. ಹಾಳೆಯನ್ನು 90 ಡಿಗ್ರಿ ತಿರುಗಿಸಿ ಮತ್ತೆ ನೋಡಿ. ಚುಕ್ಕೆ ಸರಿದಂತೆ ಕಂಡರೆ ಎರಡರ ನಡುವಿನ ಜಾಗವೇ ಸರಿ. ಅದರ ಸುತ್ತ ಕಾಗದದ ಬಳೆ ಅಂಟಿಸಿ. ಒಳತೂತು 6 ಮಿ.ಮೀ. ಇದ್ದರೆ ಅನುಕೂಲ. ಕೊನೆಗೆ ವರ್ನಿಯರ್ ಅಥವಾ ಸ್ಕೇಲಿನಿಂದ ಬಳೆಯಿಂದ ಅಂಚಿನವರೆಗೆ ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ಸ್ಕೇಲಿನ ಲೋಹ ಅಲ್ಯುಮಿನಿಯಂ ಲೇಪಕ್ಕೆ ತಾಗದಂತೆ ನಡುವೆ ಹಾಳೆ ಇರಲಿ.

ಗುರುತು 1 ಮಿ.ಮೀ. ತಪ್ಪಿದರೆ ಅಕ್ಷ 0.5 ಮಿ.ಮೀ. ತಪ್ಪುತ್ತದೆ. ಎಫ್/6ಕ್ಕೆ ಅದು ಅರ್ಧ ಮಿತಿ, ಎಫ್/5ಕ್ಕೆ ಹೆಚ್ಚುಕಡಿಮೆ ಪೂರ್ತಿ ಮಿತಿ. ಹಾಗಾಗಿ 0.5 ಮಿ.ಮೀ. ಒಳಗೆ ಕೂರಿಸಿ. ಕನ್ನಡಿಯ ನಡುವೆ ಕಾಗದ ಅಂಟಿಸಿದರೆ ಬೆಳಕು ಕಡಿಮೆಯಾಗುತ್ತದೆ ಎಂದು ಹೆದರುವವರಿಗೆ: ಆ ಜಾಗ ಹೇಗೂ ಓರೆಗನ್ನಡಿಯ ನೆರಳಲ್ಲಿದೆ, ಅಲ್ಲಿಗೆ ನಕ್ಷತ್ರದ ಬೆಳಕು ಬೀಳುವುದೇ ಇಲ್ಲ.

## ಹಂತ 3: ಲೇಸರ್‌ನ ಪರೀಕ್ಷೆ

ಹಲಗೆಯ ಮೇಲೆ ನಾಲ್ಕು ಮೊಳೆಗಳನ್ನು ಎರಡೆರಡಾಗಿ ಕತ್ತರಿಯಂತೆ ಓರೆಗೆ ಹೊಡೆದು ಲೇಸರ್ ಮಲಗಿಸಲು ತೊಟ್ಟಿಲು ಮಾಡಿ. 5 ಮೀಟರ್ ದೂರದ ಗೋಡೆಗೆ ಬೆಳಕು ಬಿಟ್ಟು ಲೇಸರ್ ಅನ್ನು ಉರುಳಿಸುತ್ತ ಒಂದು ಸುತ್ತು ತಿರುಗಿಸಿ. ಚುಕ್ಕೆ ಬರೆದ ವೃತ್ತದ ವ್ಯಾಸ 8 ಮಿ.ಮೀ. ಒಳಗಿದ್ದರೆ ಪ್ರಧಾನ ಕನ್ನಡಿಯ ಮೇಲೆ ತಪ್ಪು ಸುಮಾರು 1 ಮಿ.ಮೀ. ಮಾತ್ರ, ಬಳಸಬಹುದು. ಹೊಸ ಲೇಸರ್‌ಗಳಲ್ಲೂ 40–50 ಮಿ.ಮೀ. ವೃತ್ತ ಕಾಣುವುದುಂಟು. ಲೇಸರ್‌ನ ಬದಿಯ ಪುಟ್ಟ ಸ್ಕ್ರೂಗಳು ಸಾಮಾನ್ಯವಾಗಿ ರಬ್ಬರ್ ಅಥವಾ ಸಿಲಿಕೋನ್ ಕೆಳಗೆ ಅಡಗಿರುತ್ತವೆ. ಅವುಗಳಿಂದ ವೃತ್ತವನ್ನು ಕಿರಿದು ಮಾಡಿ. ಈ ಪರೀಕ್ಷೆ ಮಾಡದ ಲೇಸರ್ ಅನ್ನು ನಂಬಬೇಡಿ.

## ಹಂತ 4: ಓರೆಗನ್ನಡಿಯ ಜಾಗ ಮತ್ತು ತಿರುವು

ಓರೆಗನ್ನಡಿಯ ಹಿಂದಿನ ಕೊಳವೆ ಗೋಡೆಗೆ ಬಣ್ಣದ ಹಾಳೆ ಅಂಟಿಸಿ. ಓರೆಗನ್ನಡಿಗೂ ಪ್ರಧಾನ ಕನ್ನಡಿಗೂ ನಡುವೆ ಬಿಳಿ ಹಾಳೆ ಅಡ್ಡ ಇಡಿ. ಈಗ ಸೈಟ್ ಟ್ಯೂಬ್‌ನಲ್ಲಿ ಇಣುಕಿದರೆ ಬಣ್ಣದ ಹಿನ್ನೆಲೆಯಲ್ಲಿ ಬಿಳಿಯ ಆಕಾರವೊಂದು ಕಾಣುತ್ತದೆ, ಅದೇ ಓರೆಗನ್ನಡಿ. ಪ್ರತಿಬಿಂಬಗಳ ಗೊಂದಲ ಇರುವುದಿಲ್ಲ.

ಆ ಆಕಾರ ದುಂಡಗೆ ಕಾಣಬೇಕು, ಟ್ಯೂಬ್‌ನ ಅಂಚಿನ ನಡುವೆ ಕೂರಬೇಕು. ಕೊಳವೆಯ ಉದ್ದಕ್ಕೆ ಹಿಂದೆಮುಂದೆ ಸರಿದಿದ್ದರೆ ನಡುವಿನ ಬೋಲ್ಟ್‌ನಿಂದ ಸರಿಪಡಿಸಿ. ಬದಿಗೆ ಸರಿದಿದ್ದರೆ ಸ್ಪೈಡರ್ ಪಟ್ಟಿಗಳಿಂದ. ಮೊಟ್ಟೆಯಂತೆ ಉದ್ದುದ್ದ ಕಂಡರೆ ಓರೆಗನ್ನಡಿ ತನ್ನ ಕಾಂಡದ ಮೇಲೆ ತಿರುಚಿಕೊಂಡಿದೆ. ಹಿಡಿಕೆಯನ್ನು ಕೈಯಿಂದ ತಿರುಗಿಸಿ. ಒಂದು ಡಿಗ್ರಿ ತಿರುಗಿದರೆ ಪ್ರಧಾನ ಕನ್ನಡಿಯ ಮೇಲೆ ಗೆರೆ 17 ಮಿ.ಮೀ. ಪಕ್ಕಕ್ಕೆ ಓಡುತ್ತದೆ, ಹಾಗಾಗಿ ತುಂಬ ಮೆಲ್ಲಗೆ.

ಈ ಹಂತವನ್ನು ಹಾರಿ ನೇರ ಲೇಸರ್ ಹಿಡಿದರೆ ಏನಾಗುತ್ತದೆ? ತಿರುಚಿದ ಓರೆಗನ್ನಡಿಯನ್ನೂ ಓಲಿಸಿ ಲೇಸರ್ ಚುಕ್ಕೆಯನ್ನು ಕೇಂದ್ರಕ್ಕೆ ತರಬಹುದು. ಒಂದು ತಪ್ಪು ಇನ್ನೊಂದನ್ನು ಮುಚ್ಚುತ್ತದೆ. ಆಗ ಓರೆಗನ್ನಡಿಯ ಒಂದು ಬದಿ ವ್ಯರ್ಥವಾಗಿ, ಇನ್ನೊಂದು ಬದಿಯಲ್ಲಿ ಬೆಳಕು ಕತ್ತರಿಸಿಹೋಗುತ್ತದೆ. ನೋಟದ ಒಂದು ಪಕ್ಕ ಮಂಕಾಗುತ್ತದೆ.

ಅದೇ ಹೊತ್ತಿಗೆ, ಇಲ್ಲಿ ಅತಿ ಹಟವೂ ಬೇಡ. ಓರೆಗನ್ನಡಿ 1–2 ಮಿ.ಮೀ. ಆಚೀಚೆ ಕೂತರೆ ನಕ್ಷತ್ರದ ಆಕಾರಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಅದು ಸಪಾಟು ಕನ್ನಡಿ. ಅಂಚಿನ ಬೆಳಕಷ್ಟೇ ತುಸು ಬದಲಾಗುತ್ತದೆ.

ಆಫ್‌ಸೆಟ್ ಎಂಬ ಶಬ್ದ ಕೇಳಿ ತಲೆಕೆಡಿಸಿಕೊಂಡವರು ಬಹಳ. ಓರೆಗನ್ನಡಿ ಪ್ರಧಾನ ಕನ್ನಡಿಯ ಕಡೆಗೂ, ಫೋಕಸರ್‌ನಿಂದ ಆಚೆಗೂ ತುಸು ಸರಿದಿರಬೇಕು ಎಂಬುದು ಜ್ಯಾಮಿತಿ. ಅಳತೆ ಸುಮಾರು ಕಿರಿದಾದ ವ್ಯಾಸ ÷ (4 × ಎಫ್), ಅಂದರೆ ನಮ್ಮ ಉದಾಹರಣೆಗೆ 50 ÷ 24 = 2.1 ಮಿ.ಮೀ. ಪ್ರಧಾನ ಕನ್ನಡಿಯ ಕಡೆಗಿನ ಸರಿತ, ಸೈಟ್ ಟ್ಯೂಬ್‌ನಲ್ಲಿ ದುಂಡನೆಯ ಆಕಾರವನ್ನು ನಡುವೆ ಕೂರಿಸಿದಾಗ ತಾನಾಗಿಯೇ ಆಗುತ್ತದೆ. ಫೋಕಸರ್‌ನಿಂದ ಆಚೆಗಿನ ಸರಿತವನ್ನು ಕಣ್ಣಿನ ಬಳಕೆಗೆ ಬಿಟ್ಟುಬಿಡಿ. ಕೊಳವೆಗೂ ದೃಷ್ಟಿಗೂ ಒಂದಿಷ್ಟು ಓರೆ ಬರುತ್ತದೆ, ಅಷ್ಟೇ.

ಫೋಕಸರ್ ಕೊಳವೆಗೆ ಲಂಬವಾಗಿದೆಯೇ ಎಂಬುದನ್ನೂ ಓರೆಗನ್ನಡಿ ಬಿಚ್ಚಿದ್ದಾಗಲೇ ನೋಡಿಬಿಡಿ. ಲೇಸರ್ ಚುಕ್ಕೆ ಎದುರಿನ ಗೋಡೆಯ ಮೇಲೆ, ಕೊಳವೆಯ ಬಾಯಿಂದ ಫೋಕಸರ್ ಇರುವಷ್ಟೇ ದೂರದಲ್ಲಿ ಬೀಳಬೇಕು. 2 ಮಿ.ಮೀ. ವ್ಯತ್ಯಾಸ ಇದ್ದರೆ ಬಿಡಿ. 5ಕ್ಕಿಂತ ಹೆಚ್ಚಾದರೆ ಫೋಕಸರ್ ಬುಡಕ್ಕೆ ವಾಷರ್ ಇಟ್ಟು ಸರಿಮಾಡಿ.

## ಹಂತ 5: ಓರೆಗನ್ನಡಿಯ ಓಲಿಕೆ

ಅಡ್ಡ ಇಟ್ಟ ಹಾಳೆ ತೆಗೆಯಿರಿ. ಲೇಸರ್ ಹಾಕಿ, ಓರೆಗನ್ನಡಿಯ ಮೂರು ಸ್ಕ್ರೂಗಳಿಂದ ಚುಕ್ಕೆಯನ್ನು ಕೇಂದ್ರದ ಬಳೆಯೊಳಗೆ ತನ್ನಿ. ಒಂದನ್ನು ಬಿಗಿಯುವ ಮೊದಲು ಇನ್ನೊಂದನ್ನು ಅಷ್ಟೇ ಸಡಿಲಿಸಿ. ಮೂರನ್ನೂ ಒಟ್ಟಿಗೆ ಸಡಿಲಿಸಿದರೆ ಓರೆಗನ್ನಡಿ ತಿರುಗಿಬಿಡುತ್ತದೆ, ಹಂತ 4 ಮತ್ತೆ ಮೊದಲಿಂದ.

ಸ್ಕ್ರೂ ಎಷ್ಟು ತಿರುಗಿಸಬೇಕು? ಎಂ4 ಸ್ಕ್ರೂನ ಹೆಜ್ಜೆ 0.7 ಮಿ.ಮೀ. ನಡುವಿನಿಂದ 12 ಮಿ.ಮೀ. ದೂರದಲ್ಲಿ ಕೂತ ಸ್ಕ್ರೂ ಆದರೆ ಒಂದು ಪೂರ್ತಿ ಸುತ್ತಿಗೆ ಚುಕ್ಕೆ 75 ಮಿ.ಮೀ. ಓಡುತ್ತದೆ. 6 ಮಿ.ಮೀ. ಅಂದರೆ ಸುತ್ತಿನ ಹನ್ನೆರಡನೇ ಒಂದು ಭಾಗ, ಗಡಿಯಾರದ ಮುಖದಲ್ಲಿ ಒಂದು ಗಂಟೆಯಷ್ಟು. ಚುಕ್ಕೆ ಬಳೆಯ ಹೊರ ಅಂಚನ್ನು ಮುಟ್ಟುತ್ತಿದ್ದರೆ ಸಾಕು, ಮುಂದೆ ಹೋಗಿ.

ಸ್ಕ್ರೂ ತುದಿ ಅಲ್ಯುಮಿನಿಯಂ ಹಿಡಿಕೆಯಲ್ಲಿ ಗುಳಿ ಕೊರೆದಿದ್ದರೆ, ಎಷ್ಟು ಸಲ ಸರಿಮಾಡಿದರೂ ಅದು ಹಳೆಯ ಗುಳಿಗೇ ಜಾರಿ ಕೂರುತ್ತದೆ. ಸ್ಕ್ರೂ ಮತ್ತು ಹಿಡಿಕೆಯ ನಡುವೆ ಉಕ್ಕಿನ ಅಗಲ ವಾಷರ್ ಒಂದು, ನೈಲಾನ್ ವಾಷರ್ ಒಂದು ಹಾಕಿ. ಕೆಲವೇ ರೂಪಾಯಿಯ ಈ ಎರಡು ವಾಷರ್‌ಗಳು ಉಳಿಸುವ ತಾಳ್ಮೆಗೆ ಲೆಕ್ಕವಿಲ್ಲ.

## ಹಂತ 6: ಪ್ರಧಾನ ಕನ್ನಡಿ

ಇಡೀ ಕೆಲಸದ ಜೀವಾಳ ಇದು.

ಕ್ಯಾಪ್ ಬಳಸುವವರು: ತೂತಿನಲ್ಲಿ ಇಣುಕಿ. ಕ್ಯಾಪ್‌ನ ಬೆಳ್ಳಗಿನ ಒಳಮೈ, ಅದರ ನಡುವಿನ ಕಪ್ಪು ತೂತು ಮತ್ತು ಕನ್ನಡಿಯ ಬಳೆ ಕಾಣುತ್ತವೆ. ಕಪ್ಪು ತೂತು ಬಳೆಯ ನಟ್ಟನಡುವೆ ಬರುವವರೆಗೆ ಪ್ರಧಾನ ಕನ್ನಡಿಯ ಸ್ಕ್ರೂ ತಿರುಗಿಸಿ.

ಬಾರ್ಲೋ ಬಳಸುವವರು: 2× ಬಾರ್ಲೋದ ಕೆಳತುದಿಗೆ, ನಡುವೆ 6–8 ಮಿ.ಮೀ. ತೂತಿರುವ ಬಿಳಿ ಕಾಗದದ ಬಿಲ್ಲೆ ಅಂಟಿಸಿ. ಬಾರ್ಲೋದೊಳಗೆ ಲೇಸರ್ ಹಾಕಿ ಫೋಕಸರ್‌ನಲ್ಲಿಡಿ. ಕಿರಣ ಹರಡಿ ಕನ್ನಡಿಯ ಕೇಂದ್ರದ ಬಳೆಯನ್ನು ಆವರಿಸುತ್ತದೆ, ಬಳೆಯ ನೆರಳು ಹಿಂದಿರುಗಿ ಬಿಳಿ ಬಿಲ್ಲೆಯ ಮೇಲೆ ಬೀಳುತ್ತದೆ. ಆ ನೆರಳನ್ನು ತೂತಿನ ಸುತ್ತ ಸಮನಾಗಿ ಕೂರಿಸಿ. ಲೇಸರ್ ಒಂದಿಷ್ಟು ವಾಲಿದ್ದರೂ ನೆರಳಿನ ಜಾಗ ಬದಲಾಗುವುದಿಲ್ಲ. ಬರಿಯ ಚುಕ್ಕೆಗಿಂತ ಈ ವಿಧಾನ ಮೇಲಾಗಿರುವುದು ಅದಕ್ಕೇ.

ಎರಡೂ ವಿಧಾನಗಳು ತಪ್ಪನ್ನು ಇಮ್ಮಡಿಸಿ ತೋರಿಸುತ್ತವೆ. ನೆರಳು 2 ಮಿ.ಮೀ. ಸರಿದಿದ್ದರೆ ಅಕ್ಷದ ನಿಜವಾದ ತಪ್ಪು 1 ಮಿ.ಮೀ. ಎಫ್/6ಕ್ಕೆ ನೆರಳಿನಲ್ಲಿ 2.2 ಮಿ.ಮೀ. ಮಿತಿ, 1 ಮಿ.ಮೀ. ಒಳಗೆ ತರುವುದು ಕಷ್ಟವೇನಲ್ಲ, ಅಷ್ಟಕ್ಕೇ ಗುರಿಯಿಡಿ.

ಸ್ಕ್ರೂನ ಲೆಕ್ಕ: ಎಂ6 ಸ್ಕ್ರೂಗಳು ನಡುವಿನಿಂದ 70 ಮಿ.ಮೀ. ದೂರದಲ್ಲಿ, 120 ಡಿಗ್ರಿ ಅಂತರದಲ್ಲಿದ್ದರೆ, ಒಂದನ್ನು ಒಂದು ಸುತ್ತು ತಿರುಗಿಸಿದಾಗ ಅಕ್ಷ 11 ಮಿ.ಮೀ., ನೆರಳು 23 ಮಿ.ಮೀ. ಸರಿಯುತ್ತದೆ. ಇಡೀ ಮಿತಿ ಸುತ್ತಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಅದೇ ಸೆಲ್‌ನ ಎಫ್/5 ಆದರೆ ಹದಿನೈದನೇ ಒಂದು ಭಾಗ. ಸ್ಕ್ರೂ ತಲೆಗೆ ದೊಡ್ಡ ಮರದ ಗುಂಡಿ ಹಾಕಿಕೊಂಡರೆ ಇಷ್ಟು ಸಣ್ಣ ತಿರುವು ಕೈಗೆ ಸಿಗುತ್ತದೆ. ರೆಕ್ಕೆ ನಟ್ ಸಾಲದು.

1.2 ಮೀಟರ್ ಕೊಳವೆಯ ಹಿಂದೆ ಕೂತು ಮುಂದಿನ ಬಿಲ್ಲೆ ನೋಡಲಾಗುವುದಿಲ್ಲ. ಮೊಬೈಲ್ ಕ್ಯಾಮೆರಾವನ್ನು ಕೊಳವೆಯ ಬಾಯ ಬಳಿ ಓರೆಗನ್ನಡಿಯತ್ತ ಓರೆಯಾಗಿ ನಿಲ್ಲಿಸಿ ಪರದೆ ನಿಮ್ಮತ್ತ ಕಾಣುವಂತೆ ಮಾಡಿಕೊಳ್ಳಿ, ಇಲ್ಲವೇ ಜೊತೆಗೊಬ್ಬರನ್ನು ಕರೆಯಿರಿ. ಯಾವ ಸ್ಕ್ರೂ ನೆರಳನ್ನು ಯಾವ ಕಡೆಗೆ ಒಯ್ಯುತ್ತದೆ ಎಂದು ಒಮ್ಮೆ ಬರೆದು ಕೊಳವೆಗೇ ಅಂಟಿಸಿಬಿಡಿ.

ಲಾಕ್ ಸ್ಕ್ರೂ ಇದ್ದರೆ ಮೂರನ್ನೂ ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಿರಿ, ನೆರಳನ್ನು ನೋಡುತ್ತಲೇ. ಬಿಗಿಯುವಾಗ ಕೊಲಿಮೇಶನ್ ತಪ್ಪುವುದು ಮಾಮೂಲು. ಬಿಗಿದ ಮೇಲಿನ ನೋಟವೇ ಲೆಕ್ಕಕ್ಕೆ, ಮೊದಲಿನದಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಎಲ್ಲ ಸರಿಯಾದ ಮೇಲೂ ಕ್ಯಾಪ್‌ನಲ್ಲಿ ಇಣುಕಿದರೆ, ಪ್ರಧಾನ ಕನ್ನಡಿಯ ಬಿಂಬದೊಳಗೆ ಓರೆಗನ್ನಡಿಯ ಕಪ್ಪು ನೆರಳು ನಡುವೆ ಇರುವುದಿಲ್ಲ, ಪ್ರಧಾನ ಕನ್ನಡಿ ಇರುವ ದಿಕ್ಕಿಗೆ ಸರಿದು ಕಾಣುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಈ ಸರಿತ ಹೆಚ್ಚು. ಅದು ಹಾಗೆಯೇ ಇರಬೇಕು. ಅದನ್ನು ನಡುವೆ ತರಲು ಹೋದರೆ ಸರಿಯಾಗಿದ್ದ ಎರಡೂ ಅಕ್ಷಗಳು ಕೆಡುತ್ತವೆ.

ಪ್ರಧಾನ ಕನ್ನಡಿ ಮುಗಿದ ಮೇಲೆ ಹಂತ 5ಕ್ಕೆ ಮರಳಿ ಚುಕ್ಕೆ ಬಳೆಯಲ್ಲೇ ಇದೆಯೇ ನೋಡಿ. ಸರಿಪಡಿಸಬೇಕಾಗಿ ಬಂದರೆ ಹಂತ 6 ಮತ್ತೊಮ್ಮೆ. ಕೊನೆಯ ಕೈ ಯಾವಾಗಲೂ ಪ್ರಧಾನ ಕನ್ನಡಿಯದ್ದೇ ಆಗಿರಲಿ.

## ಹಂತ 7: ಕೊಳವೆ ಎತ್ತಿ ನೋಡಿ

ಅಡ್ಡ ಮಲಗಿಸಿ ಹೊಂದಿಸಿದ್ದು ಎತ್ತಿದಾಗಲೂ ನಿಲ್ಲುತ್ತದೆ ಎಂಬ ಭರವಸೆಯಿಲ್ಲ. ಬಾರ್ಲೋ ಲೇಸರ್ ಹಾಕಿಕೊಂಡೇ ಕೊಳವೆಯನ್ನು 30 ಡಿಗ್ರಿಯಿಂದ 80 ಡಿಗ್ರಿಗೆ ಎತ್ತಿ, ನೆರಳು ಎಷ್ಟು ಸರಿಯಿತು ನೋಡಿ. ಎಫ್/6ಕ್ಕೆ 2 ಮಿ.ಮೀ. ಒಳಗಿದ್ದರೆ ನೆಮ್ಮದಿ. ಒಮ್ಮೆಲೇ ಟಕ್ ಎಂದು ಹಾರಿದರೆ ಕನ್ನಡಿ ಸೆಲ್‌ನೊಳಗೆ ಪಕ್ಕಕ್ಕೆ ಜಾರುತ್ತಿದೆ. ಬದಿಯ ಆಸರೆಯ ಸಂದನ್ನು 0.5 ಮಿ.ಮೀ.ಗೆ ಇಳಿಸಿ. ನಿಧಾನವಾಗಿ ತೆವಳಿದರೆ ಸ್ಪ್ರಿಂಗ್ ದುರ್ಬಲ, ಅಥವಾ ಪ್ಲೈವುಡ್ ಹಿಂಬದಿ ಬಾಗುತ್ತಿದೆ. ಓರೆಗನ್ನಡಿಯ ಚುಕ್ಕೆಯನ್ನೂ ಬಾರ್ಲೋ ತೆಗೆದು ಹೀಗೇ ನೋಡಿ; ಅಲ್ಲಿ 2–3 ಮಿ.ಮೀ. ಸರಿದರೂ ಚಿಂತೆಯಿಲ್ಲ. ಯಾಂತ್ರಿಕ ದೋಷ ಸರಿಪಡಿಸಲಾಗದಿದ್ದರೆ, ನೋಡಬೇಕಾದ ಎತ್ತರಕ್ಕೇ ಕೊಳವೆ ಎತ್ತಿ ಪ್ರಧಾನ ಕನ್ನಡಿಯನ್ನು ಹೊಂದಿಸಿಕೊಳ್ಳಿ.

## ಹಂತ 8: ನಕ್ಷತ್ರದ ಮೇಲೆ ಕೊನೆಯ ಪರೀಕ್ಷೆ

ದೂರದರ್ಶಕವನ್ನು ಹೊರಗಿಟ್ಟು ಕನಿಷ್ಠ 45 ನಿಮಿಷ ಕಾಯಿರಿ. ಬಿಸಿ ಕನ್ನಡಿಯಿಂದ ಏಳುವ ಗಾಳಿ ನಕ್ಷತ್ರಕ್ಕೆ ಕೋಮಾದಂಥದೇ ಬಾಲ ಹಚ್ಚುತ್ತದೆ, ಅದನ್ನು ನಂಬಿ ಸ್ಕ್ರೂ ತಿರುಗಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಚಲನೆಯಿಲ್ಲದ ನಕ್ಷತ್ರವೆಂದು ಧ್ರುವನನ್ನು ಆರಿಸಿಕೊಳ್ಳುವ ಸಲಹೆ ಉತ್ತರದ ದೇಶಗಳದ್ದು. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ ಬರೀ 13 ಡಿಗ್ರಿ ಎತ್ತರ, ಬೀದರ್‌ನಲ್ಲೂ 18 ಡಿಗ್ರಿ. ಅಷ್ಟು ಕೆಳಗಿನ ದಪ್ಪ ಗಾಳಿಯಲ್ಲಿ ನಕ್ಷತ್ರ ಕುದಿಯುತ್ತಿರುತ್ತದೆ. ಅದರ ಬದಲು ಏಪ್ರಿಲ್–ಮೇ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲದ ಪುಲಹ (ಮೆರಾಕ್), ನವೆಂಬರ್ ಸುಮಾರಿಗೆ ಕ್ಯಾಸಿಯೋಪಿಯಾದ ಕ್ಯಾಫ್ ಒಳ್ಳೆಯ ಆಯ್ಕೆ. ಬೆಂಗಳೂರಿನಿಂದ ಎರಡೂ 45 ಡಿಗ್ರಿಯ ಆಸುಪಾಸಿಗೆ ಏರುತ್ತವೆ. ನೆತ್ತಿಯ ಬಳಿಯ ನಕ್ಷತ್ರಗಳ ಸುಮಾರು ಅರ್ಧ ವೇಗದಲ್ಲಷ್ಟೇ ಸರಿಯುವುದರಿಂದ, ಮೋಟರ್ ಇಲ್ಲದ ಡಾಬ್ಸೋನಿಯನ್‌ಗೆ (ಕೈಯಿಂದ ತಳ್ಳಿ ತಿರುಗಿಸುವ ಪೀಠದ ದೂರದರ್ಶಕ) ಹೇಳಿಮಾಡಿಸಿದಂತಿವೆ.

ವರ್ಧನೆ 200 ರಿಂದ 300 ಪಟ್ಟು ಇರಲಿ. ನಕ್ಷತ್ರವನ್ನು ನೋಟದ ನಟ್ಟನಡುವೆ ತಂದು ನಿಖರ ಫೋಕಸ್ ಮಾಡಿ. ಪುಟ್ಟ ತಟ್ಟೆ, ಸುತ್ತ ತೆಳು ಉಂಗುರ. ಉಂಗುರ ಸುತ್ತಲೂ ಸಮನಾಗಿದ್ದರೆ ಕೆಲಸ ಮುಗಿಯಿತು. ಒಂದೇ ಬದಿಗೆ ಬೆಳಕು ಹರಡಿದ್ದರೆ ಕೊಳವೆಯನ್ನು ಮೆಲ್ಲಗೆ ತಳ್ಳುತ್ತ, ನೋಟದ ಯಾವ ಜಾಗದಲ್ಲಿ ನಕ್ಷತ್ರ ಅತ್ಯಂತ ದುಂಡಗಿದೆ ಎಂದು ಹುಡುಕಿ. ಬಾಲಕ್ಕೆ ವಿರುದ್ಧ ದಿಕ್ಕಿನಲ್ಲಿ ಅದು ಸಿಗುತ್ತದೆ. ಅಕ್ಷ ಇರುವುದು ಅಲ್ಲೇ. ನಕ್ಷತ್ರವನ್ನು ಅಲ್ಲಿಟ್ಟು, ಪ್ರಧಾನ ಕನ್ನಡಿಯ ಸ್ಕ್ರೂಗಳಿಂದ ಅದನ್ನು ನೋಟದ ನಡುವಿಗೆ ಎಳೆದು ತನ್ನಿ. ಕನ್ನಡಿ ಓಲಿದಾಗ ನಕ್ಷತ್ರ ಸರಿಯುವ ಅರ್ಧದಷ್ಟೇ ಅಕ್ಷ ಸರಿಯುತ್ತದೆ. ಹೀಗಾಗಿ ಒಂದು ಸಲಕ್ಕೆ ಅರ್ಧ ತಪ್ಪು ಮಾತ್ರ ಕಳೆಯುತ್ತದೆ, ಎರಡು ಮೂರು ಸಲ ಮಾಡಬೇಕು. ಮೊದಲ ಸಲಕ್ಕೇ ಸರಿಯಾಗಲಿಲ್ಲವೆಂದು ಎದೆಗುಂದಬೇಡಿ.

ಫೋಕಸ್ ತಪ್ಪಿಸಿ ನೋಡುವ ಅಭ್ಯಾಸವಿದ್ದರೆ ನಾಲ್ಕೈದು ಉಂಗುರ ಕಾಣುವಷ್ಟು ಮಾತ್ರ ತಪ್ಪಿಸಿ. ದೊಡ್ಡ ಬಳೆಯಷ್ಟು ಅಗಲಿಸಿದರೆ ಓರೆಗನ್ನಡಿಯ ನೆರಳು ಆಫ್‌ಸೆಟ್‌ನಿಂದಾಗಿಯೇ ಪಕ್ಕಕ್ಕೆ ಕಾಣಬಹುದು, ಅದರಿಂದ ತೀರ್ಮಾನ ಬೇಡ.

## ಕೊಲಿಮೇಶನ್ ಅಲ್ಲದ ದೋಷಗಳು

ನಕ್ಷತ್ರ ಮೂರು ಮೂಲೆಯಾಗಿ ಕಂಡರೆ ಕ್ಲಿಪ್ ಅಥವಾ ಆಸರೆ ಕನ್ನಡಿಯನ್ನು ಹಿಂಡುತ್ತಿದೆ. ಹಂತ 1ಕ್ಕೆ ಹೋಗಿ. ಫೋಕಸ್‌ನ ಒಂದು ಬದಿಗೆ ಉದ್ದವಾಗಿ, ಇನ್ನೊಂದು ಬದಿಗೆ ಅಡ್ಡವಾಗಿ ಎಳೆದಂತೆ ಕಂಡರೆ ಅದು ಅಸ್ಟಿಗ್ಮಾಟಿಸಂ. ಮೊದಲು ನಿಮ್ಮ ತಲೆಯನ್ನೇ ವಾಲಿಸಿ ನೋಡಿ. ಎಳೆತವೂ ಜೊತೆಗೆ ತಿರುಗಿದರೆ ದೋಷ ಕಣ್ಣಿನದು. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸ್‌ನದು. ಎರಡೂ ಅಲ್ಲವಾದರೆ ಪ್ರಧಾನ ಕನ್ನಡಿಯನ್ನು ಸೆಲ್‌ನಲ್ಲಿ 90 ಡಿಗ್ರಿ ತಿರುಗಿಸಿ ಕೂರಿಸಿ. ಎಳೆತ ಜೊತೆಗೆ ತಿರುಗಿದರೆ ಕನ್ನಡಿ, ಅಲ್ಲೇ ಉಳಿದರೆ ಸೆಲ್ ಅಥವಾ ಓರೆಗನ್ನಡಿ. ಹೆಚ್ಚು ಅಂಟು ಹಾಕಿ ಬಿಗಿದ ಓರೆಗನ್ನಡಿ ಬಾಗುವುದು ತೀರಾ ಸಾಮಾನ್ಯ. ಪ್ರಕಾಶಮಾನ ನಕ್ಷತ್ರಕ್ಕೆ ನಾಲ್ಕು ಗೆರೆಗಳು ಸ್ಪೈಡರ್‌ನಿಂದ ಬಂದವು, ಅವನ್ನು ಬಿಡಿ. ನೋಟದ ನಡುವೆ ಚೂಪಾದ ನಕ್ಷತ್ರ, ಅಂಚಿನಲ್ಲಿ ಸುತ್ತಲೂ ಹೊರಮುಖವಾಗಿ ಬಾಲ: ಇದು ಕನ್ನಡಿಯ ಸಹಜ ಕೋಮಾ, ಜೋಡಣೆ ಸರಿಯಾಗಿದೆ ಎಂಬುದರ ಗುರುತೇ ಹೌದು.

## ಮತ್ತೆ ಯಾವಾಗ?

ಪ್ರತಿ ರಾತ್ರಿ ಹಂತ 6 ಮಾತ್ರ, ಎರಡು ನಿಮಿಷದ ಕೆಲಸ. ಕಾರಿನಲ್ಲಿ ಸಾಗಿಸಿದ ಮೇಲೆ ಹಂತ 5 ಮತ್ತು 6. ಮಳೆಗಾಲದಲ್ಲಿ ಪ್ಲೈವುಡ್ ತೇವ ಹೀರಿ ಉಬ್ಬುವುದರಿಂದ, ಅಕ್ಟೋಬರ್‌ನಲ್ಲಿ ದೂರದರ್ಶಕ ಮತ್ತೆ ಹೊರತೆಗೆದಾಗ ಸ್ಪೈಡರ್ ಬಿಗಿ ನೋಡಿ ಹಂತ 4ರಿಂದ ಶುರುಮಾಡಿ. ಕನ್ನಡಿಗೆ ಮರುಲೇಪನ ಮಾಡಿಸಿದರೆ ಕೇಂದ್ರ ಗುರುತೂ ಹೋಗಿರುತ್ತದೆ, ಹಂತ 2ರಿಂದಲೇ. ಗುರುತು ಹಾಕುವ ಆ ಹಾಳೆಯನ್ನು ಪೆಟ್ಟಿಗೆಯಲ್ಲೇ ಜೋಪಾನವಾಗಿಡಿ.